ಬೋಟು ದಡಕ್ಕೆ ಬಂದಾಗ ಶಾಲೆ ಶುರು

ಏಳನೇ ಕ್ಲಾಸಿನ ಮಕ್ಕಳಿಗೆ ಒಂದು ದಿನ ಹೇಳಿದೆ, ಕಡಲಲ್ಲಿ ಬದುಕುವ ಹತ್ತು ಜೀವಿಗಳ ಹೆಸರು ಬರೆಯಿರಿ ಅಂತ. ಎಲ್ಲರೂ ಬರೆದರು. ತಿಮಿಂಗಿಲ, ಡಾಲ್ಫಿನ್, ಆಕ್ಟೋಪಸ್, ಶಾರ್ಕ್, ನಕ್ಷತ್ರ ಮೀನು, ಸಮುದ್ರ ಕುದುರೆ. ಒಬ್ಬಳು ಪೆಂಗ್ವಿನ್ ಕೂಡ ಬರೆದಿದ್ದಳು. ನಮ್ಮ ಶಾಲೆ ಇರುವುದು ಮಲ್ಪೆಯ ಹತ್ತಿರ. ಗಾಳಿ ಪಡುವಲಿಂದ ಬೀಸಿದರೆ ಕ್ಲಾಸಿನೊಳಗೆ ಒಣಮೀನಿನ ವಾಸನೆ ಬರುತ್ತದೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳ ಮನೆಯಲ್ಲಿ ಯಾರಾದರೊಬ್ಬರು ಬೋಟಿಗೆ ಹೋಗುತ್ತಾರೆ, ಇಲ್ಲವೇ ದಕ್ಕೆಯಲ್ಲಿ, ಅಂದರೆ ಬೋಟು ಬಂದು ನಿಲ್ಲುವ ಕಟ್ಟೆಯಲ್ಲಿ, ಮೀನು ಮಾರುತ್ತಾರೆ. ಆದರೂ ಯಾರ ಪಟ್ಟಿಯಲ್ಲೂ ಬಂಗುಡೆ ಇರಲಿಲ್ಲ. ಬೂತಾಯಿ ಇರಲಿಲ್ಲ. ಅಂಜಲ್, ಕಾಣೆ, ನಂಗ್, ಬೊಂಡಾಸ್ ಒಂದೂ ಇರಲಿಲ್ಲ. ಯಾಕೆ ಅಂತ ಕೇಳಿದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು, "ಅದು ಮೀನಲ್ವಾ ಟೀಚರ್, ಅದು ಮನೆಯಲ್ಲಿ ಉಂಟು" ಎಂದ.

ಆ ಮಾತು ನನ್ನನ್ನು ತುಂಬಾ ದಿನ ಕಾಡಿತು. ಆ ಹುಡುಗನಿಗೆ ಮೀನಿನ ಬಗ್ಗೆ ಗೊತ್ತಿಲ್ಲ ಅಂತಲ್ಲ. ಯಾವ ತಿಂಗಳಲ್ಲಿ ಬಂಗುಡೆಗೆ ಕೊಬ್ಬು ಜಾಸ್ತಿ, ತೊರಕೆಯ ಬಾಲದ ಮುಳ್ಳು ಚುಚ್ಚಿದರೆ ಎಷ್ಟು ಹೊತ್ತು ಉರಿಯುತ್ತದೆ, ಅಪ್ಪ ಬರುವ ಬೋಟು ಯಾವುದು, ಎಲ್ಲ ಗೊತ್ತು. ಆದರೆ ಅದು ಪಾಠ ಅಂತ ಅವನಿಗೆ ಅನ್ನಿಸಿಲ್ಲ. ಪಾಠದ ಕಡಲು ಪುಸ್ತಕದಲ್ಲಿದೆ, ಅದರಲ್ಲಿ ಹವಳದ ಚಿತ್ರ ಇದೆ, ನೀಲಿ ತಿಮಿಂಗಿಲ ಇದೆ. ಅಪ್ಪ ಹೋಗುವ ಕಡಲು ಬೇರೆ. ಇವೆರಡೂ ಒಂದೇ ಅಂತ ಅವನಿಗೆ ಯಾರೂ ಹೇಳಿಲ್ಲ. ನಾವು ಶಿಕ್ಷಕರು ಹೇಳುವುದಾದರೂ ಹೇಗೆ? ನಾನು ಹುಟ್ಟಿ ಬೆಳೆದದ್ದು ಘಟ್ಟದ ಮೇಲೆ. ಕಡಲಿನ ಬಗ್ಗೆ ನನಗೆ ಗೊತ್ತಿರುವುದೂ ಪುಸ್ತಕದಿಂದಲೇ. ಗೊತ್ತಿರುವವರು ಶಾಲೆಯ ಗೇಟಿನ ಆಚೆಗೆ ಇದ್ದಾರೆ.

ಹಿಂದೆ ಹೀಗೆ ಇರಲಿಲ್ಲವೇನೋ. ನಮ್ಮ ಈ ಭಾಗ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, 1907ರಲ್ಲಿ ಶುರುವಾದ ಅಲ್ಲಿನ ಮೀನುಗಾರಿಕೆ ಇಲಾಖೆ ಮೀನುಗಾರರ ಮಕ್ಕಳಿಗೆಂದೇ ಶಾಲೆಗಳನ್ನು ತೆರೆದಿತ್ತು. ಕರಾವಳಿಯ ಕೆಲವು ಸರಕಾರಿ ಶಾಲೆಗಳ ಹೆಸರಿನಲ್ಲಿ ಇವತ್ತಿಗೂ 'ಫಿಶರೀಸ್' ಅಂತ ಇದೆ. ಬೋರ್ಡಿನಲ್ಲಿ ಉಳಿದಿದೆ. ಪಾಠ ಮಾತ್ರ ಬೆಂಗಳೂರಿನ ಮಕ್ಕಳಿಗೂ ನಮ್ಮ ಮಕ್ಕಳಿಗೂ ಒಂದೇ.

ಜೂನ್ ಒಂದು

ಕ್ಯಾಲೆಂಡರನ್ನು ಸುಮ್ನೆ ನೋಡುತ್ತಾ ಕೂತಾಗ ಒಂದು ವಿಷಯ ಹೊಳೆಯಿತು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ನಮ್ಮ ಶಾಲೆಗಳು ತೆರೆಯುವುದು ಮೇ ಕೊನೆಗೆ ಅಥವಾ ಜೂನ್ ಮೊದಲ ದಿನಗಳಲ್ಲಿ. ಅಂದರೆ ಮಕ್ಕಳು ಶಾಲೆಗೆ ಬರುವ ವಾರವೇ ಬೋಟುಗಳು ದಡಕ್ಕೆ ಬರುತ್ತವೆ! ವರ್ಷದ ಹತ್ತು ತಿಂಗಳು ಕಡಲಲ್ಲೇ ಇರುವ ಗಂಡಸರು ಆ ಎರಡು ತಿಂಗಳು ಮನೆಯಲ್ಲಿರುತ್ತಾರೆ. ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ತಾಗಿ ಸಾಲಾಗಿ ನಿಂತಿರುತ್ತವೆ. ಶೆಡ್ಡಿನ ಕೆಳಗೆ ಬಲೆ ಹರಡಿಕೊಂಡು ರಿಪೇರಿ ನಡೆಯುತ್ತಿರುತ್ತದೆ. ಕೈಗೆ ಕೆಲಸ ಇರುತ್ತದೆ, ಬಾಯಿಗೆ ಬಿಡುವು. ಕಡಲಿನ ಪಾಠ ಕೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಬೇರೆ ಇಲ್ಲ. ಇಷ್ಟು ವರ್ಷ ನಾವು ಮಾಡುತ್ತಿದ್ದದ್ದು ಡಿಸೆಂಬರಿನಲ್ಲಿ ಒಂದು ದಿನದ ಪ್ರವಾಸ. ಬಸ್ಸು, ಮಲ್ಪೆ ಬೀಚು, ಸೈಂಟ್ ಮೇರೀಸ್ ದ್ವೀಪದ ಕಂಬದ ಕಲ್ಲುಗಳ ಮುಂದೆ ಒಂದು ಗ್ರೂಪ್ ಫೋಟೋ, ಐಸ್‌ಕ್ರೀಂ, ವಾಪಸ್. ಡಿಸೆಂಬರಿನಲ್ಲಿ ಬಂದರಿಗೆ ಹೋದರೂ ಯಾರ ಹತ್ತಿರ ಮಾತಾಡುವುದು? ಬೋಟು ಬಂದ ಕೂಡಲೇ ಮೀನು ಇಳಿಸಬೇಕು, ಏಲಂ ಆಗಬೇಕು, ಐಸು, ಡೀಸೆಲ್, ನೀರು ತುಂಬಿಸಬೇಕು. ಅವರ ದಾರಿಗೆ ಮಕ್ಕಳು ಅಡ್ಡ.

ಹಾಗಾಗಿ ಒಂದು ಮಳೆಗಾಲದಲ್ಲಿ ನಮ್ಮ ಶಾಲೆಯ ಹುಡುಗಿಯೊಬ್ಬಳ ದೊಡ್ಡಪ್ಪನ ಮನೆಗೆ ಹೋದೆ. ಅವರು ಆಳಸಮುದ್ರದಲ್ಲಿ ಬಲೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟಿನ ತಾಂಡೇಲರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು. ಒಂದು ಸಲ ಹೊರಟರೆ ಹತ್ತು ಹನ್ನೆರಡು ದಿನ ಕಡಲಲ್ಲೇ. ನಾನು ಹೇಳಿದ್ದನ್ನೆಲ್ಲ ಕೇಳಿ, "ನಾನು ಕಲಿತದ್ದು ಐದನೇ ಕ್ಲಾಸು ಟೀಚರ್, ನಿಮ್ಮ ಮಕ್ಕಳಿಗೆ ಎಂತ ಹೇಳಿ ಕೊಡುದು?" ಎಂದರು. ನಾಚಿಕೆಯಿಂದ ಅಂದದ್ದಲ್ಲ, ನಿಜವಾಗಿಯೂ ಹಾಗೇ ನಂಬಿದ್ದರು. ಬೋಟು ಎಲ್ಲಿ ನಿಲ್ಲಿಸಬೇಕು ಅಂತ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದೆ. ಫಿಶ್ ಫೈಂಡರ್ ಉಂಟು, ಜಿಪಿಎಸ್ ಉಂಟು ಅಂತ ಶುರು ಮಾಡಿದವರು, ನೀರಿನ ಬಣ್ಣ, ಹಕ್ಕಿ ಮುಳುಗುವ ರೀತಿ, ಬಲೆಗೆ ಅಂಟಿ ಬರುವ ಕೆಸರಿನ ಬಣ್ಣ, ಅಮಾವಾಸ್ಯೆ ಹುಣ್ಣಿಮೆಯ ಎಳೆತ ಅಂತ ಹೇಳುತ್ತಾ ಹೋದರು. ಚಹಾ ತಣ್ಣಗಾಯಿತು. ಅವರ ಹೆಂಡತಿ ಎರಡನೇ ಸಲ ಬಿಸಿ ಮಾಡಿ ತಂದರು. ಹತ್ತಿರವೇ ಕೂತಿದ್ದ ಹುಡುಗಿ ಇದನ್ನೆಲ್ಲ ಮೊದಲ ಸಲ ಕೇಳುತ್ತಿದ್ದಳು. ಮನೆಯಲ್ಲಿ ಈವರೆಗೆ ಅವರನ್ನು ಯಾರೂ ಕೇಳಿರಲಿಲ್ಲ.

ಬಲೆಯ ಕಣ್ಣು

ಮೊದಲೇ ಹೇಳಿಬಿಡುತ್ತೇನೆ, ನಾವು ಮಕ್ಕಳನ್ನು ಕಡಲಿಗೆ ಕರೆದುಕೊಂಡು ಹೋಗಲಿಲ್ಲ. ಹೋಗುವುದೂ ಇಲ್ಲ. ದಕ್ಕೆಗೆ ಕಟ್ಟಿದ ಬೋಟಿನ ಮೇಲೆ ಮಾತ್ರ, ಅದೂ ನಾಲ್ಕೈದು ಮಕ್ಕಳ ಗುಂಪಾಗಿ, ಲೈಫ್ ಜಾಕೆಟ್ ಹಾಕಿಸಿ. ಅಷ್ಟೇ ಸಾಕು. ನಿಂತ ಬೋಟಿನಲ್ಲಿ ನೋಡಲು ಬೇಕಾದಷ್ಟು ಇದೆ. ಬಲೆಯ ಬಾಯಿಯನ್ನು ನೀರಿನಡಿಯಲ್ಲಿ ತೆರೆದಿಡುವ ಎರಡು ಭಾರದ ಹಲಗೆಗಳು, ಐಸ್ ತುಂಬುವ ಕೋಣೆ, ಗಾಲಿಗೆ ಸುತ್ತಿದ ಉಕ್ಕಿನ ಹಗ್ಗ, ಎಂಟು ಜನ ಮಲಗುವ ಇಕ್ಕಟ್ಟಿನ ಜಾಗ, ದೇವರ ಫೋಟೋ, ವೈರ್‌ಲೆಸ್ಸು. ಹುಡುಗರಿಗೆ ವೈರ್‌ಲೆಸ್ಸು ಇಷ್ಟವಾಯಿತು. ಹುಡುಗಿಯರಿಗೆ ಅಡುಗೆ ಮಾಡುವ ಜಾಗ ನೋಡಿ ಆಶ್ಚರ್ಯ. ಗಂಡಸರೇ ಗಂಜಿ ಬೇಯಿಸಿ, ಮೀನು ಸಾರು ಮಾಡಿ, ಪಾತ್ರೆ ತೊಳೆಯುತ್ತಾರೆ ಅಂತ ಅವರು ಅಂದುಕೊಂಡಿರಲೇ ಇಲ್ಲ.

ಆಮೇಲೆ ತಾಂಡೇಲರು ಬಲೆ ಬಿಡಿಸಿ ತೋರಿಸಿದರು. ಬಾಯಿಯ ಹತ್ತಿರ ಬಲೆಯ ಕಣ್ಣು ಎಷ್ಟು ದೊಡ್ಡದು ಅಂದರೆ ಒಬ್ಬ ಹುಡುಗ ತಲೆಯನ್ನೇ ತೂರಿಸಿದ. ಹಿಂದಕ್ಕೆ ಹೋದಂತೆ ಕಣ್ಣು ಸಣ್ಣದಾಗುತ್ತದೆ. ಕೊನೆಯ ಚೀಲದಲ್ಲಿ ಒಬ್ಬಳು ಬೆರಳು ಹಾಕಿ ನೋಡಿದಳು. ಎರಡು ಬೆರಳು ಕೂಡ ಸರಿಯಾಗಿ ಹೋಗಲಿಲ್ಲ. "ಮಾಮ, ಇದರಲ್ಲಿ ಮರಿ ಮೀನೂ ಸಿಕ್ಕಿ ಬೀಳುದಿಲ್ವಾ?" ಅಂತ ಕೇಳಿದಳು.

ನನಗೆ ಎದೆ ಧಸಕ್ಕೆಂದಿತು. ಬೋಟಿನ ಮೇಲಿದ್ದ ಕಲಾಸಿಗಳೂ, ಅಂದರೆ ಬೋಟಿನ ಕೆಲಸಗಾರರೂ, ಸುಮ್ಮನಾದರು. ಇದು ಇಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ಹೊರಗಿನವರ ಮುಂದೆ ಮಾತಾಡದ ವಿಷಯ. ಟ್ರಾಲ್ ಬಲೆಯ ಚೀಲಕ್ಕೆ 35 ಮಿಲಿಮೀಟರಿನ ಚೌಕ ಕಣ್ಣು ಇರಬೇಕು ಅನ್ನುವುದು ನಿಯಮ. ಇದಕ್ಕಿಂತ ಸಣ್ಣ ಕಣ್ಣಿನ ಬಲೆಯಲ್ಲಿ ಮರಿಗಳು ರಾಶಿ ರಾಶಿ ಬರುತ್ತವೆ, ಅವು ಊಟದ ತಟ್ಟೆಗೆ ಬರುವುದಿಲ್ಲ, ಫಿಶ್‌ಮಿಲ್ಲಿಗೆ ಹೋಗಿ ಹಿಟ್ಟಾಗುತ್ತವೆ. ತಾಂಡೇಲರು ಬಲೆಯನ್ನು ಕೆಳಗಿಟ್ಟು ಆ ಹುಡುಗಿಯ ಎದುರು ಕೂತರು. "ಬೀಳ್ತದೆ ಮಗಾ. ಹಿಡೀಬಾರ್ದು ಅಂತ ನನಗೂ ಗೊತ್ತುಂಟು. ನನ್ನ ಅಪ್ಪನ ಕಾಲದಲ್ಲಿ ರಂಪಣಿ ಬಲೆ ಇತ್ತು, ದಡದಲ್ಲಿ ನಿಂತು ಎಳೀತಿದ್ರು. ಮೀನು ಅವರ ಹತ್ರ ಬರ್ಬೇಕಿತ್ತು. ಈಗ ನಾವು ಮೀನಿದ್ದಲ್ಲಿಗೆ ಹೋಗ್ತೇವೆ. ಹತ್ತು ದಿನ ಇದ್ದು ಬಂದು ಡೀಸೆಲಿನ ದುಡ್ಡೂ ಹುಟ್ಟದಿದ್ರೆ, ಸಾವ್ಕಾರ್ರಿಗೆ ನಾನು ಮುಖ ತೋರಿಸುದು ಹೇಗೆ? ಈ ಹುಡುಗರಿಗೆ ಪಾಲು ಕೊಡುದು ಎಲ್ಲಿಂದ?" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಎಲ್ಲಾ ಬೋಟಿನವರೂ ಒಟ್ಟಿಗೆ ಬಿಟ್ರೆ ನಾನೂ ಬಿಡ್ತೇನೆ. ನಾನೊಬ್ಬ ಬಿಟ್ಟದ್ದು ಪಕ್ಕದ ಬೋಟಿಗೆ ಸಿಗ್ತದೆ" ಅಂತ ಸೇರಿಸಿದರು.

ಪರಿಸರ ಪಾಠದಲ್ಲಿ ನಾವು 'ಅತಿ ಮೀನುಗಾರಿಕೆ ತಡೆಯಬೇಕು' ಅಂತ ಒಂದು ಸಾಲು ಬರೆಸುತ್ತೇವೆ, ಎರಡು ಅಂಕ ಕೊಡುತ್ತೇವೆ. ಅವತ್ತು ಮಕ್ಕಳಿಗೆ ಆ ಸಾಲಿನ ಒಳಗೆ ಏನಿದೆ ಅಂತ ಗೊತ್ತಾಯಿತು. ಮಾರನೇ ದಿನ ಕ್ಲಾಸಿನಲ್ಲಿ ಜಗಳವೇ ಆಯಿತು. ಮಾಮ ಹೇಳಿದ್ದು ಸರಿ ಅಂತ ಕೆಲವರು. ಸರಿ ಇಲ್ಲ, ಮರಿ ಹಿಡಿದರೆ ಮುಂದಿನ ವರ್ಷ ಯಾರಿಗೂ ಇಲ್ಲ ಅಂತ ಕೆಲವರು. ಕೇರಳದಲ್ಲಿ ಬೂತಾಯಿ 10 ಸೆಂಟಿಮೀಟರಿಗಿಂತ, ಬಂಗುಡೆ 14 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಹಿಡಿಯಬಾರದು ಅಂತ ನಿಯಮ ಮಾಡಿದ್ದಾರೆ ಅಂತ ಹೇಳಿದೆ. ಆವತ್ತಿನಿಂದ ಕೆಲವರು ಮನೆಗೆ ತಂದ ಮೀನನ್ನು ಸ್ಕೇಲಿನಲ್ಲಿ ಅಳೆದು ಬರೆದುಕೊಂಡು ಬರತೊಡಗಿದರು. ಬೂತಾಯಿ ಬದುಕುವುದೇ ಎರಡು ಎರಡೂವರೆ ವರ್ಷ, ಹುಟ್ಟಿ ಒಂದು ವರ್ಷದ ಹೊತ್ತಿಗೆ ಮೊಟ್ಟೆ ಇಡುವಷ್ಟಾಗುತ್ತದೆ, ಮೊಟ್ಟೆ ಇಡುವುದು ಹೆಚ್ಚಾಗಿ ಮಳೆಗಾಲದಲ್ಲಿ ಅಂತ ತಿಳಿದ ಮೇಲೆ, ಜೂನ್ ಜುಲೈಯ ರಜೆ ಯಾಕೆ ಅಂತ ನಾನು ಬೇರೆಯಾಗಿ ಹೇಳಬೇಕಾಗಲಿಲ್ಲ.

ಅವರು ಅಷ್ಟು ನೇರವಾಗಿ ಉತ್ತರ ಕೊಟ್ಟದ್ದಕ್ಕೆ ನಾನು ಅವರಿಗೆ ಋಣಿ. ದೊಡ್ಡವರು ಮಕ್ಕಳ ಮುಂದೆ ತಮ್ಮ ಕಸುಬಿನ ಕಷ್ಟದ ಜಾಗವನ್ನು ಮುಚ್ಚಿಡದೆ ಹೇಳುವುದು ಅಪರೂಪ.

ಆಗಸ್ಟಿನ ಮೇಲೆ

ನೂಲ ಹುಣ್ಣಿಮೆಯ ಹೊತ್ತಿಗೆ ಸಮುದ್ರ ಪೂಜೆ ಆಗುತ್ತದೆ. ಹಾಲು, ತೆಂಗಿನಕಾಯಿ ಕಡಲಿಗೆ ಬಿಡುತ್ತಾರೆ. ಅದರ ಆಸುಪಾಸಿನಲ್ಲಿ ಬೋಟುಗಳು ಒಂದೊಂದಾಗಿ ಹೊರಡುತ್ತವೆ. ಬರೀ ಜೂನಿನ ಭೇಟಿಗೆ ಮುಗಿಸಿದ್ದರೆ ನಮ್ಮದೂ ಇನ್ನೊಂದು ಪ್ರವಾಸ ಆಗಿಬಿಡುತ್ತಿತ್ತು. ನಿಜವಾದ ಕಲಿಕೆ ಶುರುವಾದದ್ದು ಬೋಟು ಹೋದ ಮೇಲೆ. ಆಗ ಕಡಲಲ್ಲಿ ಮಕ್ಕಳಿಗೆ ಗೊತ್ತಿರುವ ಒಂದು ಬೋಟು ಇತ್ತು. ಹವಾಮಾನ ವರದಿಯಲ್ಲಿ 'ಮೀನುಗಾರರು ಕಡಲಿಗೆ ಇಳಿಯಬಾರದು' ಅಂತ ಬಂದರೆ, ಮಾಮನ ಬೋಟು ಎಲ್ಲಿ ಅಂತ ಕೇಳುತ್ತಿದ್ದರು.

ದಡದ ಹತ್ತಿರ ಬಂದು ಫೋನಿಗೆ ಸಿಗ್ನಲ್ ಸಿಕ್ಕಿದಾಗ ತಾಂಡೇಲರು ವಾಟ್ಸ್ಆ್ಯಪಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ಎಂಜಿನ್ ಸದ್ದಿನ ನಡುವೆ, ತುಳುವಿನಲ್ಲಿ. ಯಾವ ಕಡೆ ಹೋಗಿದ್ದೆವು, ಎಷ್ಟು ಮಾರು ಆಳ, ಏನು ಸಿಕ್ಕಿತು. ಕ್ಲಾಸಿನ ಗೋಡೆಗೆ ದೊಡ್ಡ ನಕ್ಷೆ ಅಂಟಿಸಿದ್ದೆವು. ಮಕ್ಕಳು ಅದರಲ್ಲಿ ಗುರುತು ಹಾಕಿದರು. ಮಾರು ಅಂದರೆ ಸುಮಾರು 1.8 ಮೀಟರು, ಗುಣಿಸಿ ಬರೆದರು. ಗುರುತು ತುಂಬುತ್ತಾ ಹೋದಂತೆ ನಕ್ಷೆಯ ನೀಲಿ ಬಣ್ಣದ ಕೆಳಗೆ ನೆಲ ಕಾಣಿಸತೊಡಗಿತು. ದಡದಿಂದ ತುಂಬಾ ದೂರದವರೆಗೆ ಕಡಲು ಮೆಲ್ಲಗೆ ಇಳಿಯುತ್ತದೆ, ಸುಮಾರು ನೂರು ಮಾರಿನ ಹತ್ತಿರ ಒಮ್ಮೆಲೇ ಕುಸಿಯುತ್ತದೆ. ನಮ್ಮ ಘಟ್ಟದ ಅಂಚಿನ ಹಾಗೆ, ಆದರೆ ನೀರಿನಡಿಯಲ್ಲಿ. ಆಗುಂಬೆ ನೋಡಿದ ಮಕ್ಕಳಿಗೆ ಇದು ಕೂಡಲೇ ಹಿಡಿಯಿತು.

ಸೆಪ್ಟೆಂಬರಿನ ಒಂದು ಸಂದೇಶ ನನಗೆ ತುಂಬಾ ಮುಖ್ಯವಾಯಿತು. "ಅಡಿಯ ನೀರು ತಂಪು ಉಂಟು. ಬಲೆ ಕೈಗೆ ಐಸಿನ ಹಾಗೆ ಬಂತು. ತಂಪು ನೀರಿದ್ರೆ ಅಡಿಯಲ್ಲಿ ಮೀನಿಲ್ಲ, ಹೊರಗೆ ಹೋಗ್ಬೇಕು." ಇಷ್ಟೇ. ಮಕ್ಕಳಿಗೆ ಇದು ಒಗಟು. ಹೊರಗೆ ಬಿಸಿಲಿದ್ದಾಗ ಕಡಲಿನ ತಳ ಯಾಕೆ ತಂಪು? ನಾನೂ ಓದಿ ತಿಳಿದುಕೊಳ್ಳಬೇಕಾಯಿತು. ಮಳೆಗಾಲದ ಗಾಳಿ ಮತ್ತು ನೀರಿನ ಹರಿವು ಸೇರಿ ದಡದ ಹತ್ತಿರದ ಮೇಲ್ನೀರನ್ನು ಆಚೆ ಸರಿಸುತ್ತವೆ. ಆ ಜಾಗ ತುಂಬಲು ಆಳದ ತಣ್ಣನೆಯ ನೀರು ಮೇಲಕ್ಕೆ ಬರುತ್ತದೆ. ಆ ನೀರಿನಲ್ಲಿ ಸತ್ವ ಜಾಸ್ತಿ. ಅದನ್ನು ಉಂಡು ಕಣ್ಣಿಗೆ ಕಾಣದ ಸಣ್ಣ ಪಾಚಿಗಳು ಲೆಕ್ಕವಿಲ್ಲದಷ್ಟು ಹುಟ್ಟುತ್ತವೆ, ಅವನ್ನು ಬೂತಾಯಿ ತಿನ್ನುತ್ತದೆ. ನಮ್ಮ ಕರಾವಳಿಯ ಬೂತಾಯಿ, ಬಂಗುಡೆ ಸುಗ್ಗಿಯ ಹಿಂದೆ ಇರುವುದು ಇದೇ. ಆದರೆ ಅದೇ ಆಳದ ನೀರಿನಲ್ಲಿ ಆಮ್ಲಜನಕ ಕಡಿಮೆ. ಹಾಗಾಗಿ ತಳದಲ್ಲಿ ಬದುಕುವ ಮೀನುಗಳು ಜಾಗ ಬಿಟ್ಟು ಹೋಗುತ್ತವೆ. ವಿಜ್ಞಾನಿಗಳು ಉಪಕರಣ ಇಳಿಸಿ ಅಳೆಯುವುದನ್ನು ತಾಂಡೇಲರು ಬಲೆಯ ಮೇಲೆ ಕೈ ಇಟ್ಟು ತಿಳಿಯುತ್ತಾರೆ. ಇದನ್ನು ಮಕ್ಕಳಿಗೆ ಹೇಳಿದಾಗ ತಾಂಡೇಲರ ತಮ್ಮನ ಮಗಳು ಎಷ್ಟು ನೆಟ್ಟಗೆ ಕೂತಳು ಅಂದರೆ, ಆ ವರ್ಷದ ನನ್ನ ಎಲ್ಲ ಶ್ರಮಕ್ಕೆ ಅದೊಂದೇ ಸಾಕು ಅನ್ನಿಸಿತು.

ದೀಪಾವಳಿ ಕಳೆದ ಮೇಲೆ ಇನ್ನೊಂದು ಬಂತು: ನೀರು ಈಗ ಬಡಗು ಕಡೆ ಎಳೀತದೆ, ಮಳೆಗಾಲದಲ್ಲಿ ತೆಂಕು ಕಡೆ ಎಳೀತಿತ್ತು. ಇದೂ ನಿಜ. ನಮ್ಮ ಪಶ್ಚಿಮ ಕರಾವಳಿಯ ಹರಿವು ಮಳೆಗಾಲದಲ್ಲಿ ದಕ್ಷಿಣಕ್ಕೆ, ಚಳಿಗಾಲದಲ್ಲಿ ಉತ್ತರಕ್ಕೆ ತಿರುಗುತ್ತದೆ. ಮತ್ತೊಮ್ಮೆ 'ಕಾರ್ಗಿಲ್' ಮೀನಿನ ಫೋಟೋ ಬಂತು. ಕಪ್ಪು ನೀಲಿ ಮೈ, ಕೆಂಪು ಹಲ್ಲು. ಬಲೆ ತುಂಬಾ ಅದೇ, ತಿನ್ನುವವರಿಲ್ಲ, ಬೆಲೆ ಇಲ್ಲ. ಹೈದರಾಬಾದಿನಲ್ಲಿ 1999ರಲ್ಲಿ ಶುರುವಾದ ಇನ್‌ಕಾಯಿಸ್ ಸಂಸ್ಥೆ ಉಪಗ್ರಹದಿಂದ ನೀರಿನ ಬಿಸಿ, ಪಾಚಿಯ ಹಸಿರು ನೋಡಿ ಮೀನು ಸಿಗಬಹುದಾದ ಜಾಗಗಳನ್ನು ಕನ್ನಡದಲ್ಲೂ ತಿಳಿಸುತ್ತದೆ. ಮಕ್ಕಳು ಅದನ್ನೂ ನೋಡಿ ನಕ್ಷೆಯಲ್ಲಿ ಬೇರೆ ಬಣ್ಣದಲ್ಲಿ ಗುರುತು ಹಾಕಿದರು. ಎರಡೂ ಬಣ್ಣ ಕೆಲವು ಸಲ ಕೂಡಿದವು, ಕೆಲವು ಸಲ ಇಲ್ಲ. ಕೂಡದೆ ಇದ್ದಾಗಲೇ ಪ್ರಶ್ನೆಗಳು ಜಾಸ್ತಿ.

"ಆಸೆ ಹುಟ್ಟಿಸ್ಬೇಡಿ"

ಎಲ್ಲರೂ ಖುಷಿಪಟ್ಟರು ಅಂತ ಹೇಳಿದರೆ ಸುಳ್ಳಾಗುತ್ತದೆ. ಒಂದು ಸಂಜೆ ದಕ್ಕೆಯಲ್ಲಿ ಮೀನು ಮಾರುವ ಒಬ್ಬರು ತಾಯಿ ಶಾಲೆಗೆ ಬಂದರು. ಬುಟ್ಟಿಯನ್ನು ಹೊರಗೆ ಜಗಲಿಯಲ್ಲಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಬಂದರು. "ಟೀಚರ್, ನನ್ನ ಮಗನಿಗೆ ಕಡಲಿನ ಆಸೆ ಹುಟ್ಟಿಸ್ಬೇಡಿ. ಅವನು ಕಡಲಿಗೆ ಹೋಗುದು ಬೇಡ ಅಂತಲೇ ನಾನು ಶಾಲೆಗೆ ಕಳ್ಸುದು. ಮನೆಗೆ ಬಂದು ಬರೀ ಬೋಟಿನ ಮಾತೇ ಮಾತಾಡ್ತಾನೆ" ಎಂದರು.

ಅವರಿಗೆ ಏನು ಉತ್ತರ ಕೊಡುವುದು? 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಜನರ ಜೊತೆ ಕಾಣೆಯಾದದ್ದನ್ನು ಈ ಊರಿನ ಯಾವ ಹೆಂಗಸೂ ಮರೆತಿಲ್ಲ. ತಿಂಗಳುಗಟ್ಟಲೆ ಹುಡುಕಾಟ ಆಯಿತು. ಮರುವರ್ಷ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಆಚೆಯ ಕಡಲಿನಡಿಯಲ್ಲಿ ಅದರ ಅವಶೇಷ ಸಿಕ್ಕಿತು. ಆ ಏಳು ಜನ ವಾಪಸ್ ಬರಲಿಲ್ಲ. ಮನೆಯ ಗಂಡಸು ಕಡಲಿಗೆ ಹೋದಾಗ ಹೆಂಗಸು ಹೇಗೆ ನಿದ್ದೆ ಮಾಡುತ್ತಾಳೆ ಅಂತ ಘಟ್ಟದ ಮೇಲಿನವಳಾದ ನನಗೆ ಏನು ಗೊತ್ತು? ಕಡಲಿನ ಪಾಠವನ್ನು ಚಂದ ಅಂತ ಹೇಳುವವರು ಈ ತಾಯಿಯ ಮಾತನ್ನೂ ಕೇಳಿಸಿಕೊಳ್ಳಬೇಕು. ನಾನು ಅವರಿಗೆ ಒಂದೇ ಮಾತು ಹೇಳಿದೆ, ಅವನು ಬೋಟು ಹತ್ತಬೇಕು ಅಂತ ನಾನು ಹೇಳಿಕೊಡುತ್ತಿಲ್ಲ ಅಂತ. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾದದ್ದು ನಮ್ಮ ಮಂಗಳೂರಿನಲ್ಲೇ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ಅಲ್ಲೇ ಇದೆ. ಅಲ್ಲಿ ಓದುವವರಲ್ಲಿ, ಕೆಲಸ ಮಾಡುವವರಲ್ಲಿ ಈ ದಕ್ಕೆಯ ಮಕ್ಕಳು ಯಾಕಿರಬಾರದು? ಅವರು ಪೂರ್ತಿ ಒಪ್ಪಿದರು ಅಂತ ನನಗೆ ಅನ್ನಿಸಲಿಲ್ಲ. ಹೊರಡುವಾಗ ಬುಟ್ಟಿಯಿಂದ ನಾಲ್ಕು ಕಾಣೆ ತೆಗೆದು ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. "ಫಾರೆಸ್ಟಿನವರ ಹಾಗೆ ಕಡಲಿಗೂ ಆಫೀಸರ್ ಇರ್ತಾರಾ?" ಅಂತ ಕೇಳಿದರು. ಇರುತ್ತಾರೆ ಅಂದೆ.

ಆಚೆ ಕಡಲಿನವರು

ಇನ್ನೊಂದು ವಿಷಯ ಬಾಕಿ ಇದೆ. ಮಲ್ಪೆಯ ಬೋಟುಗಳಲ್ಲಿ ದುಡಿಯುವವರಲ್ಲಿ ಬಹಳ ಜನ ಈ ಊರಿನವರಲ್ಲ. ಭಟ್ಕಳ, ಹೊನ್ನಾವರ, ಕುಮಟಾ ಕಡೆಯವರು ಇದ್ದಾರೆ. ಆಂಧ್ರದವರು, ಒಡಿಶಾದವರು ಇದ್ದಾರೆ. ಜೂನಿನಲ್ಲಿ ನಾವು ಬಂದರಿಗೆ ಹೋಗುವಷ್ಟರಲ್ಲಿ ದೂರದವರು ಊರಿಗೆ ಹೋಗಿಬಿಟ್ಟಿರುತ್ತಾರೆ. ಆ ಸಲ ಒಬ್ಬ ಮಾತ್ರ ಬಲೆ ಕೆಲಸಕ್ಕೆ ಅಂತ ಉಳಿದಿದ್ದ, ಶ್ರೀಕಾಕುಳಂ ಕಡೆಯ ಹುಡುಗ. ಮಕ್ಕಳು ಅವನನ್ನು ಸುತ್ತುವರಿದರು. ಅವನ ಕನ್ನಡ, ತುಳು, ಹಿಂದಿ ಎಲ್ಲ ಅಷ್ಟಷ್ಟೇ. ಆದರೂ ಒಂದು ಮಾತು ಎಲ್ಲರಿಗೂ ಅರ್ಥವಾಯಿತು. ಅವನ ಊರಿನಲ್ಲಿ ಕಡಲು ಮೂಡು ಕಡೆಗೆ ಇದೆ. ಸೂರ್ಯ ಅಲ್ಲಿ ಕಡಲಿಂದ ಏಳುತ್ತಾನೆ. ಕಡಲಿನ ರಜೆಯೂ ಬೇರೆ, ಏಪ್ರಿಲ್ 15ರಿಂದ ಜೂನ್ 14.

"ಹಾಗಾದ್ರೆ ಅಣ್ಣ, ನಿಮಗೆ ರಜೆಯೇ ಇಲ್ವಾ? ಇಲ್ಲಿ ರಜೆ ಆದಾಗ ಅಲ್ಲಿ ಕೆಲಸ, ಅಲ್ಲಿ ರಜೆ ಇದ್ದಾಗ ಇಲ್ಲಿ ಕೆಲಸ?" ಒಬ್ಬ ಹುಡುಗ ಲೆಕ್ಕ ಹಾಕಿ ಕೇಳಿದ. ಅವನು ನಕ್ಕು, ಮದುವೆ ಇದ್ದರೆ ಮಾತ್ರ ರಜೆ ಎಂದ. ಮೀನಿನ ರಜೆ ಎರಡು ಕಡೆ ಯಾಕೆ ಬೇರೆ ಬೇರೆ ಅನ್ನುವುದು ಮಕ್ಕಳ ಮುಂದಿನ ಪ್ರಶ್ನೆ. ಅದನ್ನು ಮುಂದಿನ ವರ್ಷದ ಪಾಠಕ್ಕೆ ಎತ್ತಿಟ್ಟಿದ್ದೇವೆ. ಬರುವ ಮೇ ಕೊನೆಗೆ, ದೂರದ ಕಲಾಸಿಗಳು ರೈಲು ಹತ್ತುವ ಮೊದಲೇ, ಅವರಲ್ಲಿ ಒಂದಿಬ್ಬರನ್ನು ಶಾಲೆಗೆ ಕರೆಯಬೇಕು ಅಂತ ತಾಂಡೇಲರಿಗೆ ಹೇಳಿದ್ದೇನೆ. ಆಗ ಶಾಲೆ ತೆರೆದಿರುವುದಿಲ್ಲ ಅಲ್ವಾ ಅಂತ ಅವರು ಕೇಳಿದರು. ಬೀಗದ ಕೈ ನನ್ನ ಹತ್ತಿರ ಇರುತ್ತದೆ, ಮಕ್ಕಳು ಬರುತ್ತಾರೆ ಅಂತ ಹೇಳಿದೆ.